ಬೀದಿಯ ಹೆಣ್ಣು ನಾಯಿಗೊಂದು ಮನೆ: ಎತ್ತಿಕೊಂಡು ಬರುವ ಮುಂಚೆ ಇಷ್ಟು ಓದಿ

ಸಜ್ಜಿ ಸಿಕ್ಕಿದ್ದು ಕಲಬುರಗಿಯ ಸೇಡಂ ರಸ್ತೆಯ ಒಂದು ಖಾನಾವಳಿಯ ಹಿಂದೆ. ಶರಣಬಸವೇಶ್ವರ ಜಾತ್ರೆ ಮುಗಿದು ಎರಡು ವಾರ ಆಗಿತ್ತು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಪಾತ್ರೆ ತೊಳೆದ ನೀರು ಹರಿಯುವ ಪರ್ಶಿಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗಿದ್ದಳು. ಮೈಬಣ್ಣ ಥೇಟ್ ಸಜ್ಜೆ ಹಿಟ್ಟು, ಅದಕ್ಕೇ ಆ ಹೆಸರು. ಹತ್ತಿರ ಹೋದಾಗ ವಾಸನೆ ಬಂತು. ಕುನ್ನಿಯಾಗಿದ್ದಾಗ ಯಾರೋ ಕೊರಳಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿ, ಆಮೇಲೆ ಮರೆತುಬಿಟ್ಟಿದ್ದರು. ಕುನ್ನಿ ಬೆಳೆದಿತ್ತು, ಹಗ್ಗ ಬೆಳೆದಿರಲಿಲ್ಲ. ಅದು ಚರ್ಮದೊಳಗೆ ಹೂತು, ಮೇಲೆ ಗಂಟು ಮಾತ್ರ ಕಾಣುತ್ತಿತ್ತು.

"ತಗೊಂಡ್ ಹೋಗ್ರಿ ಯಕ್ಕಾ, ಪುಣ್ಯ ಬರ್ತದ" ಎಂದ ಖಾನಾವಳಿಯ ಹುಡುಗ. ನೀನೇ ಇಟ್ಕೋಬಹುದಲ್ಲ ಎಂದೆ. "ಹೆಣ್ಣ್ ಅದ ಅಲ್ರಿ" ಎಂದು ನಕ್ಕ.

ಸಜ್ಜಿಯನ್ನು ಮನೆಗೆ ತರಲು ನನಗೆ ಹಿಡಿದಿದ್ದು ಮೂರು ಸಂಜೆ. ಅವಳಿಗೆ ಮನೆ ಹುಡುಕಲು ಹಿಡಿದಿದ್ದು ಏಳು ತಿಂಗಳು. ಆ ಏಳು ತಿಂಗಳೂ ಬೇರೆ ಬೇರೆ ಬಾಯಿಂದ ಆ ಹುಡುಗನ ಮಾತನ್ನೇ ಕೇಳಿದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾಯಿಯನ್ನು ಎತ್ತುವ ದಿನವೇ ಅದನ್ನು ಕೊಡುವ ದಿನದ ಬಗ್ಗೆ ಯೋಚಿಸಿ. ಕೆಳಗಿನ ಪ್ರತಿ ಹೆಜ್ಜೆಯೂ ಅಲ್ಲಿಗೇ ಹೋಗಿ ಸೇರುತ್ತದೆ.

ಮೊದಲು ಸುಮ್ನೆ ನೋಡಿ

ನಾಯಿಗೆ ರಕ್ತ ಸುರಿಯುತ್ತಿದ್ದರೆ, ಗಾಡಿ ಹಾಯ್ದಿದ್ದರೆ ಕಾಯಬೇಡಿ. ಹಾಗಿಲ್ಲದಿದ್ದರೆ ಎರಡು ದಿನ ಬೆಳಿಗ್ಗೆ-ಸಂಜೆ ಹೋಗಿ ನೋಡಿ. ಬೀದಿಯಲ್ಲಿರುವ ಎಲ್ಲಾ ನಾಯಿಗೂ ನಮ್ಮ ಸಹಾಯ ಬೇಕಿಲ್ಲ. ಚಹಾ ಅಂಗಡಿಯವ ಬಿಸ್ಕತ್ತು ಹಾಕುತ್ತಾನೆ, ಎದುರು ಮನೆಯ ಅಜ್ಜಿ ರಾತ್ರಿ ರೊಟ್ಟಿ ಹಾಕುತ್ತಾಳೆ, ಓಣಿಯವರೆಲ್ಲ ಒಂದು ಹೆಸರಿಟ್ಟು ಕರೆಯುತ್ತಾರೆ. ಅಂಥ ನಾಯಿಗೆ ಆ ಓಣಿಯೇ ಮನೆ. ಅಕ್ಕಪಕ್ಕ ಕೇಳಿ. ಬೆಲ್ಟ್ ಕಟ್ಟಿದ ಗುರುತಿದ್ದರೆ ತಪ್ಪಿಸಿಕೊಂಡು ಬಂದಿರಲೂಬಹುದು.

ಕಿವಿ ನೋಡಿ. ಒಂದು ಕಿವಿಯ ಅಂಚಿನಲ್ಲಿ ತ್ರಿಕೋನದ ಹಾಗೆ ಸಣ್ಣ ಕತ್ತರಿ ಗುರುತಿದ್ದರೆ ಆ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದರ್ಥ. ಜಗಳದಲ್ಲಿ ಹರಿದ ಕಿವಿ ಹರಕುಮುರುಕಾಗಿರುತ್ತದೆ. ಕತ್ತರಿಸಿದ್ದು ನೇರವಾಗಿರುತ್ತದೆ.

ಹೆಣ್ಣು ನಾಯಿಯಾದರೆ ಹೊಟ್ಟೆಯ ಕೆಳಗೆ ನೋಡದೆ ಕೈ ಹಾಕಲೇಬೇಡಿ. ಮೊಲೆಗಳು ತುಂಬಿ ಜೋತುಬಿದ್ದಿದ್ದರೆ, ತೊಟ್ಟಿನ ಸುತ್ತ ಕೂದಲು ಉದುರಿ ಚರ್ಮ ಕೆಂಪಾಗಿದ್ದರೆ ಎಲ್ಲೋ ಕುನ್ನಿಗಳಿವೆ. ನಮ್ಮ ಕಾಲೊನಿಯಲ್ಲಿ ಒಬ್ಬರು ಒಳ್ಳೆ ಮನಸ್ಸಿನಿಂದಲೇ ಕುಂಟುತ್ತಿದ್ದ ನಾಯಿಯೊಂದನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದು ಮನೆಯಲ್ಲಿ ಇಟ್ಟುಕೊಂಡರು. ಅದು ರಾತ್ರಿಯಿಡೀ ಬಾಗಿಲು ಕೆರೆಯಿತು. ಮೂರನೇ ದಿನ ಚರಂಡಿ ಪೈಪಿನಿಂದ ವಾಸನೆ ಬಂದಾಗಲೇ ಗೊತ್ತಾಗಿದ್ದು, ಒಳಗೆ ನಾಲ್ಕು ಮರಿ ಇದ್ದವು ಅಂತ. ತಾಯಿಯನ್ನು ಒಯ್ಯುವುದಾದರೆ ಮರಿಗಳ ಜೊತೆ ಒಯ್ಯಿರಿ. ಆಗದಿದ್ದರೆ ಅಲ್ಲೇ ಅನ್ನ-ನೀರು ಕೊಡುತ್ತಾ ಮರಿಗಳು ಹಾಲು ಬಿಡುವವರೆಗೆ ಕಾಯಿರಿ.

ಮುಟ್ಟಬಾರದ ನಾಯಿ

ಬಾಯಿಂದ ಜೊಲ್ಲು ಸುರಿಸುತ್ತಾ, ದವಡೆ ಜೋತುಬಿದ್ದು, ತೂರಾಡುತ್ತಾ ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುವ ನಾಯಿ, ಅಥವಾ ಇದ್ದಕ್ಕಿದ್ದಂತೆ ಮಂಕಾಗಿ ನೀರು ನುಂಗಲಾರದ ನಾಯಿ: ಇವನ್ನು ಮುಟ್ಟಬೇಡಿ. ರೇಬಿಸ್ ಇರಬಹುದು. ಮಹಾನಗರ ಪಾಲಿಕೆಗೋ ನಗರಸಭೆಗೋ ತಿಳಿಸಿ, ಮಕ್ಕಳನ್ನು ದೂರ ಇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಿಗೂ ಔಷಧ ಇಲ್ಲ. ಇಲ್ಲಿ ಧೈರ್ಯ ತೋರಿಸುವ ಮಾತೇ ಬರುವುದಿಲ್ಲ.

ಆರೋಗ್ಯವಾಗಿ ಕಾಣುವ ನಾಯಿಯೇ ಕಚ್ಚಿದರೂ, ಪರಚಿದರೂ, ಗಾಯದ ಮೇಲೆ ನೆಕ್ಕಿದರೂ ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. 15 ನಿಮಿಷ ಅಂದರೆ ಗಡಿಯಾರ ನೋಡಿಕೊಂಡು. ಅರಿಶಿಣ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅವತ್ತೇ ಕಲಬುರಗಿಯ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ (ಗಾಯಕ್ಕೇ ಕೊಡುವ, ತಕ್ಷಣ ರಕ್ಷಣೆ ನೀಡುವ ಸೂಜಿ) ಕೂಡ ಬೇಕಾಗುತ್ತದೆ, ಮರೆಯದೆ ಕೇಳಿ. ಇಂಥ ಕೆಲಸ ಪದೇ ಪದೇ ಮಾಡುವವರು ಕಚ್ಚಿಸಿಕೊಳ್ಳುವ ಮುಂಚೆಯೇ ಮೂರು ಸೂಜಿ ಹಾಕಿಸಿಕೊಳ್ಳಬಹುದು: ಮೊದಲ ದಿನ, ಏಳನೇ ದಿನ, ಮತ್ತೆ 21 ಅಥವಾ 28ನೇ ದಿನ. ನಾನು ಸಜ್ಜಿ ಬಂದ ಮೇಲೆ ಹಾಕಿಸಿಕೊಂಡೆ. ಮುಂಚೆಯೇ ಹಾಕಿಸಿಕೊಳ್ಳಬೇಕಿತ್ತು.

ಹಿಡಿಯುವುದು

ಓಡಿಸಿಕೊಂಡು ಹೋಗಿ ಹಿಡಿದ ನಾಯಿ ನಿಮ್ಮನ್ನು ತಿಂಗಳಾದರೂ ನಂಬುವುದಿಲ್ಲ. ಮೊದಲ ಸಂಜೆ ನಾನು ಸಜ್ಜಿಯಿಂದ ಹತ್ತು ಮಾರು ದೂರ, ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತೆ. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನಾಯಿಗೆ ಅದು ಜಗಳಕ್ಕೆ ಕರೆದ ಹಾಗೆ. ಜೋಳದ ರೊಟ್ಟಿ ಚೂರನ್ನು ಮೊಟ್ಟೆಯಲ್ಲಿ ಅದ್ದಿ ನನ್ನ ಹಿಂದಕ್ಕೆ ಎಸೆದೆ. ಎರಡನೇ ಸಂಜೆ ಕೈ ಅಳತೆಗೆ ಬಂದಳು. ಮೂರನೇ ಸಂಜೆ ಬೆರಳು ಮೂಸಿ, ರೊಟ್ಟಿ ತಿಂದು, ಅಲ್ಲೇ ಕೂತಳು. ತಲೆಯ ಮೇಲಿಂದ ಕೈ ತರಬೇಡಿ, ಗದ್ದದ ಕೆಳಗಿಂದ ತನ್ನಿ.

ಕೊರಳಲ್ಲಿ ಗಾಯವಿದ್ದರೆ ಕೊರಳಿಗೆ ಹಗ್ಗ ಹಾಕುವ ಹಾಗಿಲ್ಲ. ಒಂದು ಅಗಲದ ಬಟ್ಟೆಯನ್ನು ಎದೆಯ ಸುತ್ತ, ಮುಂಗಾಲುಗಳ ಹಿಂದಿನಿಂದ ಸುತ್ತಿ ಹಿಡಿಯಿರಿ. ನೋವಿದ್ದ ನಾಯಿ ಎಷ್ಟು ಸಾಧುವಾದರೂ ಕಚ್ಚುತ್ತದೆ, ಆದ್ದರಿಂದ ಬಾಯಿ ಕಟ್ಟುವುದನ್ನು ಕಲಿತಿರಿ. ದುಪಟ್ಟಾದಲ್ಲಿ ಒಂದು ಸಡಿಲ ಕುಣಿಕೆ ಮಾಡಿ ಮೂತಿಗೆ ಹಾಕಿ. ಗದ್ದದ ಕೆಳಗೆ ಅಡ್ಡಹಾಯಿಸಿ ಕಿವಿಯ ಹಿಂದೆ ಬಿಚ್ಚುಗಂಟು ಕಟ್ಟಿ. ಆದರೆ ಎರಡು-ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳುತ್ತದೆ. ನಮ್ಮೂರ ಏಪ್ರಿಲ್‌ನಲ್ಲಿ ಬಾಯಿ ಕಟ್ಟಿ ಆಟೋದಲ್ಲಿ ಕೂರಿಸಿದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಿಸಿಲಾಘಾತ ಆಗಿರುತ್ತದೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಹೋಗಿ. ಆಟೋದವರಿಗೆ ಮೊದಲೇ ಹೇಳಿ, ಸೀಟಿಗೆ ಹಾಸಲು ಹಳೆ ಚೀಲ ನೀವೇ ಒಯ್ಯಿರಿ, ಇಪ್ಪತ್ತು ರೂಪಾಯಿ ಜಾಸ್ತಿ ಕೊಡಿ. ಮುಂದಿನ ಸಲ ಅವರೇ ಬರುತ್ತಾರೆ.

ಡಾಕ್ಟರ ಹತ್ತಿರ

ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಬೀದರ್‌ನವರು ಅದೃಷ್ಟವಂತರು. ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅಲ್ಲಿನ ಕಾಲೇಜಿನ ಆಸ್ಪತ್ರೆಯಲ್ಲಿ ನಾಯಿಗಳನ್ನೂ ನೋಡುತ್ತಾರೆ. 1962 ಎಂಬ ನಂಬರು ಮುಖ್ಯವಾಗಿ ರೈತರ ದನಕರುಗಳಿಗೆಂದು ಇರುವ ಸಂಚಾರಿ ಚಿಕಿತ್ಸಾ ಗಾಡಿಯದು. ಹಳ್ಳಿ ಕಡೆ ಬೇರೆ ದಾರಿಯೇ ಇಲ್ಲದಾಗ ಕೇಳಿ ನೋಡಬಹುದು.

ಸಜ್ಜಿಯ ಕೊರಳ ಹಗ್ಗ ತೆಗೆಯಲು ಡಾಕ್ಟರು ಮಂಪರು ಸೂಜಿ ಕೊಟ್ಟರು. ಗಾಯದಲ್ಲಿ ಹುಳ ಬಿದ್ದಿತ್ತು. ಚಿಮಟದಿಂದ ಒಂದೊಂದೇ ತೆಗೆದು ಸ್ಟೀಲ್ ತಟ್ಟೆಗೆ ಹಾಕಿದರು. ನಾನು ಎಣಿಸುತ್ತಾ ನಲವತ್ತಕ್ಕೆ ನಿಲ್ಲಿಸಿದೆ. ಕೊನೆಗೆ ಹಗ್ಗ ಬಂತು, ನೀಲಿ ಬಣ್ಣದ್ದು, ಬಟ್ಟೆ ಒಣಹಾಕುವ ಅದೇ ಹಗ್ಗ. ಹುಳ ಬಿದ್ದ ಗಾಯಕ್ಕೆ ಮನೆಯಲ್ಲಿ ಸೀಮೆಎಣ್ಣೆ ಸುರಿಯುವವರಿದ್ದಾರೆ. ಹಾಗೆ ಮಾಡಬೇಡಿ. ನಾಯಿ ಅದನ್ನು ನೆಕ್ಕುತ್ತದೆ.

ಇದೇ ಜಾತಿಯ ಇನ್ನೊಂದು ಮನೆಮದ್ದು ಕಜ್ಜಿಗೆ ಸುಟ್ಟ ಇಂಜಿನ್ ಆಯಿಲ್ ಬಳಿಯುವುದು. ನಮ್ಮ ಕಡೆ ಗ್ಯಾರೇಜಿನ ಹತ್ತಿರದ ಅರ್ಧ ನಾಯಿಗಳು ಕಪ್ಪಗೆ ತಿರುಗುವುದು ಇದರಿಂದಲೇ. ಅದು ವಿಷ. ಚರ್ಮ ಸುಡುತ್ತದೆ, ನೆಕ್ಕಿದರೆ ಒಳಗೂ ಹೋಗುತ್ತದೆ. ಕಜ್ಜಿ ಬರುವುದು ಕಣ್ಣಿಗೆ ಕಾಣದ ಸಣ್ಣ ಹುಳದಿಂದ. ಅದಕ್ಕೆ ಸರಿಯಾದ ಔಷಧ ಇದೆ, ತೂಕ ನೋಡಿ ಕೊಡಬೇಕು. ಮೆಡಿಕಲ್ ಅಂಗಡಿಯವರನ್ನು ಕೇಳಿ ಐವರ್ಮೆಕ್ಟಿನ್ ಎಂಬ ಹುಳದ ಔಷಧ ಕೊಡಬೇಡಿ, ಪ್ರಮಾಣ ತಪ್ಪಿದರೆ ಕೆಲವು ನಾಯಿಗಳಿಗೆ ಜೀವಕ್ಕೇ ಬರುತ್ತದೆ.

ಡಾಕ್ಟರಿಗೆ ನೀವು ಕೇಳಲೇಬೇಕಾದದ್ದು ಮೂರು.

ಉಣ್ಣೆ ಜ್ವರ (ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ) ಇದೆಯಾ? ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಇದ್ದು, ವಸಡು ಬೆಳ್ಳಗಾಗಿ, ನಾಯಿ ಊಟ ಬಿಟ್ಟಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿಯೇ, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಆದ್ದರಿಂದ ಕೈಯಿಂದ ಮುಟ್ಟಿ ಜ್ವರ ಅನ್ನಬೇಡಿ. ಮಾತ್ರೆ ಮೂರು-ನಾಲ್ಕು ವಾರ ಕೊಡಬೇಕಾಗಬಹುದು. ನಾಲ್ಕು ದಿನಕ್ಕೆ ಚೇತರಿಸಿಕೊಂಡಳು ಅಂತ ಬಿಡಬಾರದು.

ಬಾಲದ ಕೆಳಗಿನ ರಕ್ತ ಯಾವುದು? ಇದು ಹೆಣ್ಣು ನಾಯಿಯ ವಿಷಯ, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಾಯಿಗೆ ಬೆದೆ ಬಂದರೆ ಸುಮಾರು ಮೂರು ವಾರ ಇರುತ್ತದೆ, ಆರೇಳು ತಿಂಗಳಿಗೊಮ್ಮೆ ಬರುತ್ತದೆ. ಆದರೆ ತಿಂಗಳುಗಟ್ಟಲೆ ಹನಿಹನಿ ರಕ್ತ ಬರುತ್ತಿದ್ದರೆ ಅದು ಬೆದೆ ಅಲ್ಲ. ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಒಂದು ಬಗೆಯ ಗಡ್ಡೆ ಇದೆ, ಹೂಕೋಸಿನ ಹಾಗೆ ಕಾಣುತ್ತದೆ. ನೋಡಿದವರು ಹೆದರಿ, ಕ್ಯಾನ್ಸರ್ ಅಂತೆ, ಸಾಯಲಿ ಬಿಡಿ ಅನ್ನುತ್ತಾರೆ. ನಿಜವಾಗಿ ವಾರಕ್ಕೊಂದು ಸೂಜಿಯಂತೆ ಕೆಲವು ವಾರ ಕೊಟ್ಟರೆ ಹೆಚ್ಚಿನ ನಾಯಿಗಳು ಪೂರ್ತಿ ವಾಸಿಯಾಗುತ್ತವೆ.

ಹೊಟ್ಟೆಯಲ್ಲಿ ಮರಿ ಇದೆಯಾ? ನಾಯಿಯ ಗರ್ಭ 63 ದಿನ, ಅಷ್ಟೇ. ಇವತ್ತು ಸಪೂರ ಇದ್ದವಳು ಮುಂದಿನ ತಿಂಗಳು ನಿಮ್ಮ ಮಂಚದ ಕೆಳಗೆ ಆರು ಕುನ್ನಿ ಹಾಕಬಹುದು.

ಲಸಿಕೆಯ ಕಾರ್ಡು ಮೊದಲ ದಿನವೇ ಮಾಡಿಸಿ. ದೊಡ್ಡ ನಾಯಿಗೆ ರೇಬಿಸ್ ಲಸಿಕೆ, ಜೊತೆಗೆ ಪಾರ್ವೋ, ಡಿಸ್ಟೆಂಪರ್‌ನಂಥ ನಾಯಿಗಳ ಮಾರಕ ರೋಗಗಳಿಗೆಲ್ಲ ಸೇರಿಸಿ ಒಂದು ಲಸಿಕೆ. ಎರಡನೆಯದನ್ನು ಮೂರು-ನಾಲ್ಕು ವಾರಕ್ಕೆ ಮತ್ತೊಮ್ಮೆ ಹಾಕುತ್ತಾರೆ. ಕುನ್ನಿಯಾದರೆ ಆರರಿಂದ ಎಂಟು ವಾರಕ್ಕೆ ಶುರುಮಾಡಬೇಕು, ರೇಬಿಸ್ ಮೂರು ತಿಂಗಳಿಗೆ. ಜ್ವರ ಇದ್ದಾಗ ಲಸಿಕೆ ಹಾಕುವುದಿಲ್ಲ, ಅವಸರ ಮಾಡಬೇಡಿ. ಹೊಸ ಮನೆಯವರು ಮೊದಲು ಕೇಳುವುದು ಈ ಕಾರ್ಡನ್ನೇ.

ಮನೆಯಲ್ಲಿ ಮೊದಲ ವಾರಗಳು

ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿಯೇ ತನ್ನಿ. ಕದ್ದು ಇಟ್ಟರೆ ನಾಯಿಯೇ ಬೊಗಳಿ ಹೇಳುತ್ತದೆ. ನಾನು "ಒಂದು ತಿಂಗಳು ಮಾತ್ರ" ಎಂದು ಒಪ್ಪಿಸಿದೆ. ಆ ಒಂದು ತಿಂಗಳು ಹೇಗೆ ಏಳಾಯಿತು ಎಂದು ಅವರು ಈಗಲೂ ಕೇಳುತ್ತಾರೆ.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಹತ್ತು-ಹದಿನಾಲ್ಕು ದಿನ ಬೇರೆ ಇಡಿ. ಬಟ್ಟಲೂ ಬೇರೆ. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನೈಲಿಗೆ ಜಗ್ಗುವುದಿಲ್ಲ. ಬ್ಲೀಚ್ ನೀರಲ್ಲಿ ಒರೆಸಬೇಕು.

ಹಸಿದ ನಾಯಿಗೆ ಮೊದಲ ದಿನವೇ ಹೊಟ್ಟೆ ಬಿರಿಯ ಹಾಕುವ ಆಸೆ ಆಗುತ್ತದೆ. ಹಾಕಿದರೆ ವಾಂತಿ, ಭೇದಿ ಎರಡೂ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ ಸಾಕು. ಆಮೇಲೆ ಜೋಳದ ರೊಟ್ಟಿ ಚಲೋ ಹೊಂದುತ್ತದೆ. ಆದರೆ ಬರೀ ರೊಟ್ಟಿ-ಹಾಲು ಕೊಟ್ಟರೆ ಮಾಂಸಖಂಡ ತುಂಬುವುದಿಲ್ಲ, ದೊಡ್ಡ ನಾಯಿಗಳಿಗೆ ಹಾಲು ಹೆಚ್ಚಾಗಿ ಒಗ್ಗುವುದೂ ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೊಡಬಾರದು. ಉಳ್ಳಾಗಡ್ಡಿ ಹಾಕಿದ ನಿನ್ನೆಯ ಪಲ್ಯವೂ ಅದೇ ಲೆಕ್ಕಕ್ಕೆ ಬರುತ್ತದೆ.

ಬೇಸಿಗೆ ಬಗ್ಗೆ ಎರಡು ಮಾತು. ನಮ್ಮಲ್ಲಿ ಮೇ ತಿಂಗಳಲ್ಲಿ 42-43 ಡಿಗ್ರಿ ಸಾಮಾನ್ಯ. ತಗಡಿನ ಕೆಳಗೆ, ತಾರಸಿ ಮೇಲೆ ಕಟ್ಟಬೇಡಿ. ಅಂಗಳದ ಪರ್ಶಿಗೆ ನಿಮ್ಮ ಬರಿಗಾಲು ಐದು ಸೆಕೆಂಡ್ ಇಡಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. 15 ಕೆಜಿ ನಾಯಿಗೆ ದಿನಕ್ಕೆ ಒಂದು ಲೀಟರ್ ಹತ್ತಿರ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಮಣ್ಣಿನ ಅಗಲ ಮಡಕೆ ಎಲ್ಲಕ್ಕಿಂತ ಒಳ್ಳೆಯದು. ವಿಪರೀತ ತೇಕುತ್ತಾ ತೂರಾಡಿದರೆ ನೆರಳಿಗೆ ಒಯ್ದು ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ತಣ್ಣೀರು ಹಾಕಿ, ಫ್ಯಾನ್ ಹಚ್ಚಿ, ಡಾಕ್ಟರಿಗೆ ಫೋನ್ ಮಾಡಿ. ಮೈಮೇಲೆ ಐಸ್ ಸುರಿಯುವುದು ಬೇಡ.

ಈ ವಾರಗಳಲ್ಲೇ ನಾಯಿಯ ಸ್ವಭಾವ ಬರೆದಿಟ್ಟುಕೊಳ್ಳಿ. ಸಜ್ಜಿಯ ಬಗ್ಗೆ ನನ್ನ ಡೈರಿಯಲ್ಲಿ ಇದ್ದದ್ದು: ಬೈಕ್ ಸದ್ದಿಗೆ ಬೊಗಳುತ್ತಾಳೆ. ಬೆಕ್ಕು ಕಂಡರೆ ಆಗಲ್ಲ. ಮಕ್ಕಳು ಬಾಲ ಎಳೆದರೂ ಸುಮ್ಮನಿರುತ್ತಾಳೆ. ಕೊರಳು ಮುಟ್ಟಿದರೆ ಹಲ್ಲು ಕಾಣಿಸುತ್ತಾಳೆ, ಕಚ್ಚುವುದಿಲ್ಲ. ಮಳೆ ಬಂದರೆ ಅಂಗಳಕ್ಕೆ ಕಾಲಿಡುವುದಿಲ್ಲ, ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಾಳೆ.

ಆಪರೇಷನ್ ಮಾಡಿಸದೆ ಕೊಡಬೇಡಿ

"ಹೆಣ್ಣ್ ಅದ ಅಲ್ರಿ" ಎಂಬ ಮಾತಿನ ಹಿಂದೆ ಏನಿದೆ ಅಂತ ನಾನು ಕೇಳಿ ಕೇಳಿ ತಿಳಿದುಕೊಂಡೆ. ವರ್ಷಕ್ಕೆ ಎರಡು ಸಲ ಮರಿ ಹಾಕುತ್ತದೆ. ಬೆದೆಗೆ ಬಂದಾಗ ಓಣಿಯ ಗಂಡು ನಾಯಿಗಳೆಲ್ಲ ಗೇಟಿನ ಮುಂದೆ ನಿಲ್ಲುತ್ತವೆ. ಮನೆಯಲ್ಲಿ ರಕ್ತ ಬೀಳುತ್ತದೆ, ದೇವರ ಮನೆ ಇದೆ. ಇವೆಲ್ಲ ನಿಜವಾದ ತೊಂದರೆಗಳೇ. ಜನ ಕೆಟ್ಟವರು ಅಂತ ಬೈಯುತ್ತಾ ಕೂತರೆ ನಾಯಿಗೆ ಮನೆ ಸಿಗುವುದಿಲ್ಲ. ಸಂತಾನಹರಣದ ಒಂದು ಆಪರೇಷನ್ ಈ ಮೂರಕ್ಕೂ ಉತ್ತರ. ಅದನ್ನು "ನೀವೇ ಮಾಡಿಸಿಕೊಳ್ಳಿ" ಎಂದು ಹೊಸ ಮನೆಯವರ ಮೇಲೆ ಬಿಟ್ಟರೆ ಆಗುವುದೇ ಇಲ್ಲ. ಆರು ತಿಂಗಳ ನಂತರ ಮರಿಗಳ ಸಮೇತ ಫೋನ್ ಬರುತ್ತದೆ.

ಬೆದೆ ಇದ್ದರೆ, ಮರಿಗೆ ಹಾಲು ಕೊಡುತ್ತಿದ್ದರೆ ಡಾಕ್ಟರು ಸಾಮಾನ್ಯವಾಗಿ ಕೆಲವು ವಾರ ಕಾಯಿರಿ ಎನ್ನುತ್ತಾರೆ. ಆಪರೇಷನ್ ಹಿಂದಿನ ರಾತ್ರಿಯಿಂದ ಊಟ ಕೊಡಬಾರದು. ಆದಮೇಲೆ ಹತ್ತು ದಿನ ಓಟ, ಮೆಟ್ಟಿಲು, ಸ್ನಾನ ಇಲ್ಲ. ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ ಹಾಕುತ್ತಾರೆ. ಸಜ್ಜಿಗೆ ಕೊರಳ ಗಾಯದ ಕಾರಣ ಅದು ಆಗಲಿಲ್ಲ. ನನ್ನ ಹಳೆ ಟೀ-ಶರ್ಟಿನ ತೋಳಿಗೆ ಅವಳ ಕಾಲು ತೂರಿಸಿ, ಬೆನ್ನ ಮೇಲೆ ಗಂಟು ಹಾಕಿದೆ. ಓಣಿಯ ಹುಡುಗರು ನೋಡಿ ಬಿದ್ದು ಬಿದ್ದು ನಕ್ಕರು. ಹೊಲಿಗೆ ಮಾತ್ರ ಒಂದೂ ಬಿಚ್ಚಲಿಲ್ಲ.

ಮನೆ ಹುಡುಕುವುದು

ಫೋಟೋ ತೆಗೆಯುವಾಗ ನೆಲದ ಮೇಲೆ ಕೂತು, ನಾಯಿಯ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿಯಿರಿ. ಬೆಳಗಿನ ಬೆಳಕು ಸಾಕು. ಮೇಲಿಂದ ತೆಗೆದ ಫೋಟೋದಲ್ಲಿ ಎಲ್ಲಾ ನಾಯಿಗಳೂ ತಪ್ಪು ಮಾಡಿದ ಹಾಗೆ ಕಾಣುತ್ತವೆ. ಗಾಯದ ಫೋಟೋ ಹಾಕಿದರೆ ನೂರು ಜನ ಅಯ್ಯೋ ಎಂದು ಬರೆಯುತ್ತಾರೆ, ಒಬ್ಬರೂ ಬರುವುದಿಲ್ಲ. ಒಂದು ಸಣ್ಣ ವಿಡಿಯೋ ಇರಲಿ, ನಡೆಯುವುದು, ಕರೆದರೆ ತಿರುಗುವುದು.

ನಾನು ವಾಟ್ಸಾಪ್‌ನಲ್ಲಿ ಹಾಕಿದ್ದು ಇಷ್ಟು: "ಹೆಸರು ಸಜ್ಜಿ. ಹೆಣ್ಣು, ಸುಮಾರು ಒಂದೂವರೆ ವರ್ಷ. ಆಪರೇಷನ್ ಆಗಿದೆ, ಇನ್ನು ಮರಿ ಹಾಕುವುದಿಲ್ಲ. ಲಸಿಕೆ ಕಾರ್ಡ್ ಇದೆ. ಕೊರಳಲ್ಲಿ ಹಳೆ ಗಾಯದ ಕಲೆ ಇದೆ. ಬೈಕಿಗೆ ಬೊಗಳುತ್ತಾಳೆ, ಬೆಕ್ಕಿನ ಜೊತೆ ಆಗುವುದಿಲ್ಲ, ಮಕ್ಕಳ ಜೊತೆ ಚೆನ್ನಾಗಿರುತ್ತಾಳೆ. ಕಟ್ಟಿಹಾಕಲು, ಗೋಡೌನ್ ಕಾಯಲು ಕೊಡುವುದಿಲ್ಲ." ದೋಷ ಯಾಕೆ ಬರೆದಿ ಎಂದು ಗೆಳತಿ ಬೈದಳು. ನೀವು ಬರೆಯದಿದ್ದರೂ ನಾಯಿ ಮೂರನೇ ದಿನ ತೋರಿಸುತ್ತದೆ, ನಾಲ್ಕನೇ ದಿನ ವಾಪಸ್ ಬರುತ್ತದೆ. "ಫ್ರೀ" ಎಂಬ ಮಾತು ಮಾತ್ರ ಬೇಡ. ಆ ಮಾತಿಗೆ ಬರುವವರೇ ಬೇರೆ.

ಪಶು ಆಸ್ಪತ್ರೆಯ ಗೋಡೆ, ಪೆಟ್ ಅಂಗಡಿ, ಮನೆಗೆ ಹಾಲು ಹಾಕುವವರು, ಎಲ್ಲರಿಗೂ ಹೇಳಿಡಿ. ಬೆಂಗಳೂರು, ಹೈದರಾಬಾದ್‌ನಲ್ಲಿ ನಾಡು ನಾಯಿ ಕೇಳುವವರು ನಮ್ಮಲ್ಲಿಗಿಂತ ಜಾಸ್ತಿ. ಆದರೆ ಅಷ್ಟು ದೂರದಿಂದ ನಾಯಿ ವಾಪಸ್ ಬರುವುದು ಕಷ್ಟ, ನೀವು ಮನೆ ಹೋಗಿ ನೋಡುವುದೂ ಕಷ್ಟ. ರೈಲಿನಲ್ಲಿ ಸ್ಲೀಪರ್, ತ್ರೀ ಎಸಿಯಲ್ಲಿ ನಾಯಿ ಒಯ್ಯಲು ಬಿಡುವುದಿಲ್ಲ. ಫಸ್ಟ್ ಎಸಿಯ ಪೂರ್ತಿ ಕೂಪೆ ಬುಕ್ ಮಾಡಬೇಕು, ಇಲ್ಲವೇ ಗಾರ್ಡ್ ಇರುವ ಬ್ರೇಕ್ ವ್ಯಾನಿನ (ಸಾಮಾನು ಸಾಗಿಸುವ ಡಬ್ಬಿಯ) ಪೆಟ್ಟಿಗೆಯಲ್ಲಿ ಕಳಿಸಬೇಕು. ಹೆದರಿದ ನಾಯಿಗೆ ಆ ಪೆಟ್ಟಿಗೆಯಲ್ಲಿ ಹತ್ತು ತಾಸು! ನಾನಂತೂ ಕಳಿಸಲಿಲ್ಲ.

ನಾನು ಮಾಡಿದ ತಪ್ಪು

ಜುಲೈನಲ್ಲಿ ಒಬ್ಬರು ಬಂದರು. ಇಸ್ತ್ರಿ ಅಂಗಿ, ಒಳ್ಳೆ ಮಾತು. ಮನೆಯಲ್ಲಿ ಸಾಕುತ್ತೇವೆ ಎಂದರು. ಮೂರು ತಿಂಗಳಿಂದ ಯಾರೂ ಕೇಳದೆ ಸಾಕಾಗಿದ್ದ ನಾನು ಅವರ ಮನೆ ನೋಡದೆ, ಒಂದು ಕಾಗದಕ್ಕೂ ಸಹಿ ಮಾಡಿಸದೆ ಅವತ್ತೇ ಕೊಟ್ಟುಬಿಟ್ಟೆ. ಒಂಬತ್ತನೇ ದಿನಕ್ಕೆ ಫೋನ್ ಎತ್ತುವುದು ನಿಲ್ಲಿಸಿದರು. ಹುಡುಕಿಕೊಂಡು ಹೋದಾಗ ಸಜ್ಜಿ ಇದ್ದದ್ದು ಊರ ಹೊರಗೆ, ತೊಗರಿ ಬಿತ್ತಿದ ಹೊಲದ ಅಂಚಿನಲ್ಲಿ. ಮೋಟರ್ ಶೆಡ್ಡಿನ ಕಂಬಕ್ಕೆ ಎರಡು ಮಾರು ಸರಪಳಿ. ಅದೂ ಕೊರಳಿಗೆ, ಹಳೆ ಗಾಯದ ಮೇಲೆಯೇ. ನನ್ನ ಸದ್ದು ಕೇಳಿ ಬೊಗಳಲಿಲ್ಲ, ಮಲಗಿದ್ದಲ್ಲಿಂದಲೇ ಬಾಲ ನೆಲಕ್ಕೆ ಬಡಿದಳು. ಅಲ್ಲಿದ್ದ ಆಳುಮಗ "ಒಯ್ರಿ, ನಮಗ ಗಂಡ್ ನಾಯಿ ಬೇಕಿತ್ರಿ" ಎಂದ. ಜಗಳ ಇಲ್ಲದೆ ಕೊಟ್ಟ, ಅದೇ ಪುಣ್ಯ.

ಹೊಲದಲ್ಲಿ ನಾಯಿ ಇರಬಾರದು ಅಂತಲ್ಲ. ಹೊಲದ ಮನೆಯಲ್ಲಿ ಜನ ಇದ್ದು, ನಾಯಿ ಬಿಟ್ಟೇ ಇದ್ದು, ಅವರ ಹಿಂದೆ ಮುಂದೆ ಓಡಾಡಿಕೊಂಡಿದ್ದರೆ ಅದಕ್ಕಿಂತ ಒಳ್ಳೆ ಬಾಳು ಬೇರೆ ಇಲ್ಲ. ಜನವೇ ಇಲ್ಲದ ಶೆಡ್ಡಿಗೆ ಸರಪಳಿಯಲ್ಲಿ ಕಾವಲಿಡುವುದು ಬೇರೆ ವಿಷಯ.

ಅಂದಿನಿಂದ ನನ್ನ ಕ್ರಮ ಹೀಗಿದೆ. ಮನೆಗೆ ನಾನೇ ಹೋಗುತ್ತೇನೆ. ಚಹಾ ಕುಡಿಯುತ್ತಾ ಎಲ್ಲರ ಜೊತೆ ಮಾತಾಡುತ್ತೇನೆ, ಮುಖ್ಯವಾಗಿ ದಿನಾ ಅನ್ನ ಹಾಕುವವರ ಜೊತೆ. ಗಂಡ ಬೇಕೆಂದು, ಹೆಂಡತಿ ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ರಾತ್ರಿ ಎಲ್ಲಿ ಮಲಗುತ್ತದೆ, ಊರಿಗೆ ಹೋದಾಗ ಯಾರು ನೋಡುತ್ತಾರೆ, ಮುಂಚೆ ಸಾಕಿದ ನಾಯಿ ಏನಾಯಿತು ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆಗೆ "ಹೋಯ್ತು" ಎಂಬ ಉತ್ತರ ಬಂದರೆ ಇನ್ನೆರಡು ಪ್ರಶ್ನೆ ಕೇಳುತ್ತೇನೆ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುತ್ತೇವೆ: ಕಟ್ಟಿಹಾಕುವುದಿಲ್ಲ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸುತ್ತೇವೆ, ಬೇಡವಾದರೆ ಬೀದಿಗೆ ಬಿಡದೆ ನನಗೇ ವಾಪಸ್ ಕೊಡುತ್ತೇವೆ. ಆ ಕಾಗದ ಹಿಡಿದು ಕೋರ್ಟಿಗೆ ಹೋಗುತ್ತೇನೆ ಅಂತಲ್ಲ. ಸಹಿ ಮಾಡಲು ಹಿಂಜರಿಯುವವರು ಅಲ್ಲೇ ಗೊತ್ತಾಗುತ್ತಾರೆ.

ಮನೆ ಸಿಗದಿದ್ದರೆ

ಸಿಗದೆಯೂ ಹೋಗಬಹುದು. ಬೀದಿಯಲ್ಲೇ ಬೆಳೆದ ಕೆಲವು ನಾಯಿಗಳಿಗೆ ನಾಲ್ಕು ಗೋಡೆ ಹಿಡಿಸುವುದೂ ಇಲ್ಲ. ಆಗ ವಾಸಿಮಾಡಿ, ಆಪರೇಷನ್, ಲಸಿಕೆ ಮಾಡಿಸಿ, ಎತ್ತಿಕೊಂಡು ಬಂದ ಜಾಗಕ್ಕೇ ಬಿಡಿ. ಬೇರೆ ಓಣಿಗೆ ಬಿಟ್ಟರೆ ಅಲ್ಲಿನ ನಾಯಿಗಳು ಹರಿದುಹಾಕುತ್ತವೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಹಿಡಿದ ಜಾಗಕ್ಕೇ ಬಿಡಬೇಕು ಅನ್ನುತ್ತವೆ. ಒಂದು ವಿನಾಯಿತಿ ಗಮನಿಸಿ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಹೇಳಿದೆ. ಬಸ್ ಸ್ಟ್ಯಾಂಡಿನ ನಾಯಿಯನ್ನು ಎತ್ತುವುದಾದರೆ ಇದನ್ನು ಮೊದಲೇ ಯೋಚಿಸಿ. ಬಿಟ್ಟ ಮೇಲೂ ದಿನಾ ಒಂದೇ ಹೊತ್ತಿಗೆ, ಜನ ಓಡಾಡದ ಮೂಲೆಯಲ್ಲಿ ಊಟ ಹಾಕಿ, ಎಲೆ-ಪತ್ರಾವಳಿ ನೀವೇ ಎತ್ತಿ. ಓಣಿಯವರ ಅರ್ಧ ಸಿಟ್ಟು ನಾಯಿಯ ಮೇಲೆ ಇರುವುದಿಲ್ಲ, ಆ ಎಲೆಗಳ ಮೇಲಿರುತ್ತದೆ.

ಕೊಡುವ ದಿನ

ದೀಪಾವಳಿಗೆ ಹದಿನೈದು ದಿನ ಇರುವಾಗ ಹೊಸ ಮನೆಗೆ ಕೊಡಬೇಡಿ. ಪಟಾಕಿ ಸದ್ದಿಗೆ ಹೆದರಿ ಓಡಿದ ನಾಯಿಗೆ ಹೊಸ ಮನೆಯ ದಾರಿ ಗೊತ್ತಿರುವುದಿಲ್ಲ. ಸಜ್ಜಿಯನ್ನು ಕೇಳಿದ ಹುಮನಾಬಾದಿನ ಹೆಂಗಸಿಗೂ ಇದನ್ನೇ ಹೇಳಿ ಕಾಯಿಸಿದೆ. ಅವರು ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಫೋನಿನಲ್ಲಿ ಮೊದಲ ಮಾತೇ, "ಬೈಕಿಗಿ ಬೊಗಳ್ತದಂತ ಬರ್ದೀರಿ. ನಮ್ಮ ಓಣ್ಯಾಗ ಬೈಕ್ ಭಾಳ ಅವ. ಬಾಗ್ಲಿಗಿ ಜಾಳಗಿ ಹಚ್ಚಿಸ್ಲೇನ್ರಿ?" ಅಷ್ಟು ದಿನದಲ್ಲಿ ಸಜ್ಜಿಯ ದೋಷದ ಬಗ್ಗೆ ಕೇಳಿದವರು ಅವರೊಬ್ಬರೇ. ಹೋಗಿ ನೋಡಿದೆ. ಜಾಳಿಗೆ ಆಗಲೇ ಹಚ್ಚಿಸಿದ್ದರು.

ಕೊಡುವಾಗ ಲಸಿಕೆ ಕಾರ್ಡು, ನಾಲ್ಕು ದಿನದ ಅದೇ ಊಟ, ಎದೆಗೆ ಹಾಕುವ ಪಟ್ಟಿ, ಸ್ವಭಾವ ಬರೆದ ಹಾಳೆ ಜೊತೆಗೆ ಕೊಡಿ. ಮೊದಲ ಮೂರು ದಿನ ಊಟ ಬಿಡಬಹುದು, ಮೂಲೆ ಹಿಡಿಯಬಹುದು, ಅದನ್ನು ಮೊದಲೇ ಹೇಳಿ. ನೆಂಟರನ್ನು ಕರೆದು ತೋರಿಸಬೇಡಿ, ಸ್ನಾನ ಮಾಡಿಸಬೇಡಿ, ಬಾಗಿಲು ತೆರೆದಿಡಬೇಡಿ ಎಂದು ಹೇಳಿ. ನೀವು ಮಾತ್ರ ಒಂದು ತಿಂಗಳು ಹೋಗಬೇಡಿ. ಹೋದರೆ ನಾಯಿ ನಿಮ್ಮ ಹಿಂದೆ ಬರಲು ನೋಡುತ್ತದೆ. ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು ಫೋನ್ ಮಾಡಿ.

ಇನ್ನೊಂದು ವಿಷಯ. ಅದು ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಕಳಿಸಿ. ಸಜ್ಜಿ ಮಲಗುತ್ತಿದ್ದದ್ದು ನಮ್ಮಜ್ಜಿಯ ಕಾಲದ ಹರಿದ ಕೌದಿಯ ಮೇಲೆ. ಕೊಳೆ ಇತ್ತು, ಕೂದಲು ಹತ್ತಿತ್ತು, ಹೊಸ ಮನೆಗೆ ಹೀಗೆ ಹೇಗೆ ಕೊಡುವುದು ಎಂದು ನಾಚಿಕೆಯಾಯಿತು. ಆದರೂ ಹಾಗೇ ಸುತ್ತಿ ಕೊಟ್ಟೆ.

ಮೂರನೇ ದಿನ ಫೋನ್ ಮಾಡಿದೆ. "ಇನ್ನಾ ಸರೀ ಉಂಡಿಲ್ರಿ" ಎಂದರು. ಆಮೇಲೆ ದನಿ ತಗ್ಗಿಸಿ, ಯಾರನ್ನೋ ಎಬ್ಬಿಸಬಾರದು ಎನ್ನುವ ಹಾಗೆ, "ಮಷೀನ್ ಕೆಳಗ ಮಲಗ್ಯಾಳ. ಕೌದಿನೂ ಅಲ್ಲಿಗೇ ಎಳ್ಕೊಂಡ್ ಹೋಗ್ಯಾಳ. ಇವತ್ತ ನಾ ಹೊಲಿಲಿಕ್ಕೆ ಕೂತಿಲ್ರಿ."